ಮಾರಕ್ಕ ಹೇಳದ ಹೆಸರು

ನಮ್ಮ ಸಮೇತನಹಳ್ಳಿಯಲ್ಲಿ ಗಂಡನ ಹೆಸರು ಹೇಳದ ಹೆಂಗಸರು ಇನ್ನೂ ಕೆಲವರಿದ್ದಾರೆ. ಆದರೆ ನಮ್ಮ ಪಕ್ಕದ ಮನೆ ಮಾರಕ್ಕನಷ್ಟು ಹಟಮಾರಿ ಇನ್ನೊಬ್ಬಳಿರಲಿಲ್ಲ. ಗಂಡ ಆದಿನಾರಾಯಣಪ್ಪ. ಹೆಸರಿನೊಳಗೆ ದೇವರೇ ಕೂತಿದ್ದರಿಂದ, ಭಜನೆಯಲ್ಲಿ ಎಲ್ಲರೂ ‘ನಾರಾಯಣ’ ಅಂದಾಗ ಇವಳು ಬಾಯಿ ಬಿಗಿದುಕೊಂಡು ತಾಳ ಹಾಕುತ್ತಿದ್ದಳು. ‘ಗೋವಿಂದ’ ಬಂದರೆ ಮಾತ್ರ ಊರಿಗೆಲ್ಲ ಕೇಳುವಂತೆ ಕೂಗುತ್ತಿದ್ದಳು. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ನನ್ನ ಕಡೆ ತಿರುಗಿ, ಕಣ್ಣಲ್ಲೇ ನಗುತ್ತಾ, “ನರಸಮ್ಮ, ನೀನೇ ಹೇಳೇ. ನಿಂಗೆ ಅಣ್ಣ ಆಗ್ಬೇಕಲ್ಲ” ಅನ್ನುತ್ತಿದ್ದಳು.

ಆದಿನಾರಾಯಣಣ್ಣನಿಗೂ ಇದರಲ್ಲಿ ಒಳಗೊಳಗೇ ಹೆಮ್ಮೆ. “ಒಂದ್ಸಲ ಹೆಸ್ರಿಡಿದು ಕರಿಯೇ, ಹೊಸ ಸೀರೆ ತರ್ತೀನಿ” ಅಂತ ರೇಗಿಸುತ್ತಿದ್ದ.

“ಸೀರೆ ನೀವೇ ಉಟ್ಕೊಳ್ಳಿ” ಅನ್ನುತ್ತಿದ್ದಳು ಮಾರಕ್ಕ.

ಕಳೆದ ಮಳೆಗಾಲದಲ್ಲಿ ಅವಳಿಗೆ ಜ್ವರ ಬಂತು. ಊರಲ್ಲಿ ಎಷ್ಟೋ ಜನಕ್ಕೆ ಬಂದು ಹೋದ ವೈರಲ್ ಜ್ವರವೇ. ಅವಳಿಗೆ ಮಾತ್ರ ಮೆದುಳಿಗೆ ಏರಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದ್ದವಳು ಬದುಕಿ ಬಂದದ್ದೇ ನಮಗೆ ದೊಡ್ಡದಾಯಿತು. ಮನೆಗೆ ಬಂದವಳು ಮುದ್ದೆ ಕಟ್ಟಿದಳು, ಸೊಪ್ಪು ಬಿಡಿಸಿದಳು. ಮಾತು ಮಾತ್ರ ಕಡಿಮೆಯಾಗಿತ್ತು. ಸುಸ್ತಿರಬೇಕು ಅಂದುಕೊಂಡೆವು.

ಮತ್ತೆ ತೋರಿಸಲು ಹೋದಾಗ ನಾನೂ ಜೊತೆಗಿದ್ದೆ. ಡಾಕ್ಟರ್ ಸಂಘಮಿತ್ರ ಕೇಳಿದರು, “ನಿಮ್ಮ ಯಜಮಾನರ ಹೆಸರೇನಮ್ಮಾ?”

ಮಾರಕ್ಕ ಸುಮ್ಮನಿದ್ದಳು. ಅಣ್ಣ ನಕ್ಕುಬಿಟ್ಟ. “ಅವ್ಳು ಹೇಳಲ್ಲ ಡಾಕ್ಟ್ರೇ. ಮದ್ವೆ ಆದಾಗಿಂದ್ಲೂ ಹೇಳಿಲ್ಲ.”

ನಾನೂ ನಕ್ಕೆ. ಆದರೆ ಮಾರಕ್ಕ ನನ್ನ ಕಡೆ ತಿರುಗಿದಳು. ಕಣ್ಣಲ್ಲಿ ಆ ನಗು ಇರಲಿಲ್ಲ. ಸಂತೆಯಲ್ಲಿ ತಪ್ಪಿಸಿಕೊಂಡ ಮಗುವಿನ ಹಾಗೆ ಹೆದರಿದ್ದಳು.

ಸ್ಕ್ಯಾನ್ ಚೆನ್ನಾಗಿದೆ, ಸೋಂಕೂ ಹೋಗಿದೆ ಅಂದರು. ಆದರೂ ಡಾಕ್ಟರಮ್ಮ ಇನ್ನೊಂದು ರಕ್ತಪರೀಕ್ಷೆ ಬರೆದರು. ಮೆದುಳಿನ ನರಗಳಿಗೆ ಪೆಟ್ಟಾದಾಗ ಅವುಗಳಿಂದ ಒಂದು ಪ್ರೋಟೀನ್ ಸೋರಿ ರಕ್ತಕ್ಕೆ ಸೇರುತ್ತದಂತೆ. ಮಾರಕ್ಕನ ರಕ್ತದಲ್ಲಿ ಅದು ಇನ್ನೂ ಇರಬೇಕಾದ್ದಕ್ಕಿಂತ ತುಂಬಾ ಹೆಚ್ಚಿತ್ತು.

“ಜ್ವರ ಹೋಗಿದೆ, ಪೆಟ್ಟು ಮಾತ್ರ ಹಾಗೇ ಇದೆ” ಅಂದರು ಡಾಕ್ಟರಮ್ಮ. “ಅವರು ಹೆಸರು ಹೇಳ್ತಾ ಇಲ್ಲ ಅಂತಲ್ಲ ಯಜಮಾನ್ರೇ. ಅವರಿಗೆ ಗೊತ್ತಿಲ್ಲ.”

ಆ ಜ್ವರ ಕೈಗೆ ಸಿಕ್ಕಿದ್ದರೆ ಪೊರಕೆಯಲ್ಲಿ ಬಾರಿಸಿಬಿಡುತ್ತಿದ್ದೆ, ಅಷ್ಟು ಕೋಪ ಬಂದಿತ್ತು ನನಗೆ.

ಮಾರನೆಯ ದಿನದಿಂದ ಜಗಲಿಯ ಮೇಲೆ ಅಣ್ಣನ ಪಾಠ ಶುರುವಾಯಿತು. “ನಾನ್ಯಾರು ಹೇಳು? ಆದಿ... ನಾರಾಯಣಪ್ಪ.” ಹೀಗೆ ಎಲ್ಲರ ಎದುರು ತನ್ನ ಹೆಸರನ್ನು ಹೆಂಡತಿಗೆ ಕಲಿಸುತ್ತಾ ಕೂತವನನ್ನು ನೋಡಲಾಗದೆ ನಾನು ಬಾಗಿಲು ಹಾಕಿಕೊಳ್ಳುತ್ತಿದ್ದೆ. ಅವಳು ದಿನಾ ಕಲಿತಳು, ದಿನಾ ಮರೆತಳು. ಅವನು ಬಿಡಲಿಲ್ಲ. ಹೆಸರು ಬಂದರೆ ಅವಳೂ ಬರುತ್ತಾಳೆ ಅಂತ ಅವನು ನಂಬಿದ್ದ.

ಯುಗಾದಿ ಕಳೆದ ಮೇಲೆ ಮತ್ತೆ ಹೋದೆವು. ರಕ್ತದಲ್ಲಿ ಆ ಅಂಶ ಇಳಿದಿತ್ತು. ಇನ್ನು ಹೊಸದಾಗಿ ಹಾಳಾಗುವುದು ನಿಂತಿದೆ, ಆದರೆ ಹೋದದ್ದೆಲ್ಲ ವಾಪಸ್ಸು ಬರುತ್ತದೆ ಅಂತ ಹೇಳಲಾಗದು ಅಂದರು ಡಾಕ್ಟರಮ್ಮ. ಆಮೇಲೆ ಅದೇ ಪ್ರಶ್ನೆ ಕೇಳಿದರು.

ಮಾರಕ್ಕ ನೆಟ್ಟಗೆ ಕೂತು, ಮೇಷ್ಟ್ರಿಗೆ ಪಾಠ ಒಪ್ಪಿಸುವ ಹುಡುಗಿಯ ಹಾಗೆ, “ಆದಿನಾರಾಯಣಪ್ಪ” ಅಂದಳು.

“ತುಂಬಾ ಚೆನ್ನಾಗಿ ಹೇಳಿದ್ರಿ” ಅಂದರು ಡಾಕ್ಟರಮ್ಮ. ಅಣ್ಣನೂ ತಲೆಯಾಡಿಸಿದ.

ಹೊರಗೆ ಬಂದವನು ಬೆಂಚಿನ ಮೇಲೆ ಕುಸಿದು, ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ಅಳತೊಡಗಿದ. ಪಕ್ಕದಲ್ಲಿ ಕೂತ ಮಾರಕ್ಕ ಯಾರೋ ಅಪರಿಚಿತರು ಅಳುವುದನ್ನು ನೋಡುವಂತೆ ನೋಡುತ್ತಿದ್ದಳು.

“ಹೇಳಿದ್ಲಲ್ಲಣ್ಣ” ಅಂದೆ.

“ಅದ್ಕೇ ಕಣಮ್ಮ” ಅಂದ ಅವನು. “ನಮ್ಮ ಮಾರಿ ಆಗಿದ್ರೆ ಹೇಳ್ತಿರ್ಲಿಲ್ಲ.”