ಅಜ್ಜ ಹಿಮ್ಮಡಿ ಊರಿ ನೋಡಿದ ಮರಳು

ಕೆಲಸಕ್ಕೆ ಸೇರಿದ ಹೊಸತರಲ್ಲಿ, ಬೈಂದೂರಿನ ಕಡಲ ದಡಕ್ಕೆ ಮರಳಿನ ಗಟ್ಟಿತನ ಪರೀಕ್ಷಿಸಲು ಹೋಗಿದ್ದೆ. ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡು, ಹಗ್ಗದಿಂದ ಎತ್ತಿ ಬೀಳಿಸುವ ಭಾರದ ಸುತ್ತಿಗೆ, ಆ ಹಗ್ಗ ಎಳೆಯಲು ಇಬ್ಬರು ಕೆಲಸದವರು. ನಾನು ಆರಿಸಿದ್ದು ಕನ್ನಡಿಯಂತೆ ಸಮತಟ್ಟಾಗಿದ್ದ ಒದ್ದೆ ಜಾಗ.

"ಹ್ವಾಯ್, ಅಲ್ಲ್ ಬ್ಯಾಡ ಮಾರಾಯ್ರೆ!" ದಡದಲ್ಲೇ ನಿಂತು ಮೀನಿಗೆ ಎಳೆಯುವ ಕೈರಂಪಣಿ ಬಲೆಯ ತಂಡದ ಅಜ್ಜ ಓಡಿಬಂದರು. ಬಲೆ ಎಳೆಯುವವರು ಎಲ್ಲಿ ಕಾಲೂರಬೇಕೆಂದು ಹೇಳುವುದು ಅವರ ಕೆಲಸವಂತೆ. ಅಲ್ಲೇ ಹಿಮ್ಮಡಿ ಊರಿದರು. ನೀರು ಜಿನುಗಿ ಕಾಲು ಇಳಿಯಿತು. ಹತ್ತು ಮಾರು ಆಚೆ ಊರಿದರು. ಪಾದದ ಸುತ್ತ ಮರಳು ಬಿಳಿಚಿ ಒಣಗಿತು.

"ಕಾಣಿ, ತುಳ್ದ್ರೆ ಒಣಗು ಹೊಯ್ಗಿ ಕಾಲ್ ಹಿಡಿತ್ತ್. ನೀರ್ ಬಿಡು ಹೊಯ್ಗಿ ನಂಬುಕಾಗ." ಹೊಯ್ಗಿ ಎಂದರೆ ಅವರ ಮಾತಿನಲ್ಲಿ ಮರಳು.

ಒತ್ತಾಗಿ ಕೂತ ಮರಳು ತುಳಿದಾಗ ಹಿಗ್ಗಿ ನೀರನ್ನು ಒಳಗೆಳೆದುಕೊಳ್ಳುತ್ತದೆ, ಸಡಿಲ ಮರಳು ಕುಗ್ಗಿ ಹೊರಗೆ ಬಿಡುತ್ತದೆ. ಕಾಲೇಜಿನ ಪರೀಕ್ಷೆಯಲ್ಲಿ ಇದನ್ನೇ ಬರೆದು ಪಾಸಾದವನು ನಾನು. ಆದರೂ "ಲೆವೆಲ್ ಚೆನ್ನಾಗಿದೆ ಅಜ್ಜ" ಎಂದು ಕೆಲಸ ಶುರು ಮಾಡಿಸಿದೆ. ಅಜ್ಜ ಸುತ್ತಿಗೆಯ ಹಗ್ಗ ಎಳೆಯುತ್ತಿದ್ದ ಇಬ್ಬರನ್ನು ರಟ್ಟೆ ಹಿಡಿದು, ಹಗ್ಗ ಉದ್ದ ಬಿಡಿಸಿ ದೂರ ನಿಲ್ಲಿಸಿದರು, ಅಷ್ಟೆ.

ಏಳೆಂಟು ಪೆಟ್ಟಿಗೇ ಸ್ಟ್ಯಾಂಡಿನ ಒಂದು ಕಾಲು ಗಬಕ್ಕನೆ ಹೂತುಹೋಯಿತು. ಸುತ್ತಿಗೆ ಸಮೇತ ಎಲ್ಲ ಉರುಳಿದ್ದು ಆ ಇಬ್ಬರು ಮೊದಲು ನಿಂತಿದ್ದ ಜಾಗಕ್ಕೇ.

ಅಜ್ಜನಿಗೆ ಕೈಮುಗಿದೆ. "ಅದೆಲ್ಲ ಬ್ಯಾಡ. ಮೊದ್ಲ್ ಆ ಬೂಟ್ಸ್ ಕಳ್ಚಿ" ಎಂದರು.

ಅಂದಿನಿಂದ ಯಾವ ಸೈಟಿಗೆ ಹೋದರೂ ಬೂಟು ಕಳಚಿಯೇ ಮರಳಿಗೆ ಇಳಿಯುತ್ತೇನೆ. ಜೊತೆಗೆ ಬರುವ ಹೊಸ ಎಂಜಿನಿಯರುಗಳು ನನ್ನನ್ನು ಭಾರೀ ಭಕ್ತನೆಂದುಕೊಂಡಿದ್ದಾರೆ. ಪೂರ್ತಿ ಸುಳ್ಳೇನೂ ಅಲ್ಲವಲ್ಲ ಎಂದು ನಾನೂ ಸುಮ್ಮನಿದ್ದೇನೆ.