ಅಕ್ಕನಿಗೆ ನಾನು ಆರಿಸಿದ ಊರು

ಇದು ೧೯೬೪ರ ಫೆಬ್ರವರಿಯಲ್ಲಿ ನಡೆದದ್ದು. ನನಗೆ ಆಗ ಹತ್ತು ತುಂಬಿ ಹನ್ನೊಂದು ನಡೆಯುತ್ತಿತ್ತು. ನಮ್ಮ ಅಪ್ಪಯ್ಯ ಹೊಸನಗರದಲ್ಲಿ ಬಸ್ ಏಜೆಂಟರಾಗಿದ್ದರು. ಬಸ್‌ಸ್ಟ್ಯಾಂಡಿನ ಮೂಲೆಯಲ್ಲಿದ್ದ ಮರದ ಗೂಡಿನೊಳಗೆ ಕೂತು ಟಿಕೆಟ್ ಹರಿಯುವುದು, ಪಾರ್ಸೆಲ್ ಹತ್ತಿಸುವುದು, ಬಸ್ಸು ತಡವಾದರೆ ಊರವರ ಬೈಗುಳ ತಿನ್ನುವುದು ಅವರ ಕೆಲಸ. ಅವರ ಪ್ರಕಾರ ಲೋಕದಲ್ಲಿ ಎರಡೇ ಬಗೆಯ ಊರುಗಳು. ಒಂದು, ನಮ್ಮೂರಿಂದ ಬಸ್ಸು ಹಿಡಿದು ಹೋಗಬಹುದಾದದ್ದು, ಇನ್ನೊಂದು, ಹೋಗಲಾಗದ್ದು. ಎರಡನೆಯ ಬಗೆಯ ಊರಿಗೆ ಹೆಣ್ಣು ಕೊಡುವುದಿಲ್ಲ ಎಂದು ಅವರು ಹೇಳುತ್ತಿದ್ದರೆ ನಾವೆಲ್ಲ ನಗುತ್ತಿದ್ದೆವು.

ನನಗಿಂತ ಹನ್ನೆರಡು ವರ್ಷ ದೊಡ್ಡವಳು ಸುಮಿತ್ರಕ್ಕ. ನನಗೆ ತಲೆ ಬಾಚಿ, ಅಕ್ಷರ ತಿದ್ದಿಸಿ, ಬೆನ್ನಿಗೆ ಎರಡು ಬಾರಿಸಿ ಬೆಳೆಸಿದವಳು ಅವಳೇ. ಎರಡು ವರ್ಷದ ಹಿಂದೆ ಅವಳ ಮದುವೆಯಾಗಿತ್ತು. ಭಾವನಿಗೆ ಕೇಂದ್ರ ಸರ್ಕಾರದ ಕೆಲಸ. ತೀರ್ಥಹಳ್ಳಿ ದಾಟಿ ಮೇಗರವಳ್ಳಿಯ ಕಡೆ ಮಳೆ, ಗಾಳಿ ಅಳೆದು ಬರೆದಿಡುವ ಕೇಂದ್ರವೊಂದರಲ್ಲಿ ಅವರು ಇದ್ದರು. "ನಮ್ಮ ಅಳಿಯಂದಿರು ಮಳೆ ಅಳೀತಾರೆ" ಎಂದು ಅಪ್ಪಯ್ಯ ಹೇಳಿದರೆ ಪ್ರಯಾಣಿಕರು, "ಅಳೆದು ಯಾರಿಗೆ ಮಾರ್ತಾರೆ ಸ್ವಾಮಿ?" ಎಂದು ಕೇಳುತ್ತಿದ್ದರು.

ಅಕ್ಕನಿಗೆ ಚಿಕ್ಕಂದಿನಿಂದಲೂ ಉಬ್ಬಸ. ಮೇಗರವಳ್ಳಿಗೆ ಹೋದ ಮೇಲೆ ಅದು ಜಾಸ್ತಿಯಾಯಿತು. ಅವರ ಕ್ವಾರ್ಟರ್ಸಿನ ಮುಂದೆ ಕಾಲಿನ ಮೇಲೆ ನಿಂತ ಒಂದು ಬಿಳಿ ಪೆಟ್ಟಿಗೆ ಇತ್ತು. ಒಳಗೆ ಎರಡು ಥರ್ಮಾಮೀಟರುಗಳು, ಒಂದರ ಬುಡಕ್ಕೆ ಸದಾ ಒದ್ದೆ ಬಟ್ಟೆ. ಗಾಳಿಯಲ್ಲಿ ನೀರಿನ ಪಸೆ ಹೆಚ್ಚಿದಷ್ಟೂ ಎರಡೂ ಹತ್ತಿರ ಹತ್ತಿರ ತೋರಿಸುತ್ತವೆ ಎಂದು ಭಾವ ನನಗೆ ವಿವರಿಸಿದ್ದರು. ಅಕ್ಕ ಪಕ್ಕದಲ್ಲಿದ್ದವಳು, "ಎರಡೂ ಒಂದೇ ಅಂಕಿ ತೋರಿಸಿದ ದಿನ ನಂಗೆ ಉಸಿರು ಸಿಗಲ್ಲ ಪುಟ್ಟಿ. ನಿಮ್ಮ ಭಾವ ಪೆಟ್ಟಿಗೆ ನೋಡೋದೇ ಬೇಡ, ನನ್ನ ನೋಡಿ ಬರ್ಕಂಡ್ರೆ ಸಾಕು" ಎಂದಿದ್ದಳು. ಇಬ್ಬರೂ ನಕ್ಕರು, ನಾನೂ ನಕ್ಕೆ.

ಒಮ್ಮೆ ಅವಳು ಯಾರದೋ ಮದುವೆಗೆಂದು ಚಿತ್ರದುರ್ಗದ ಕಡೆ ಹೋಗಿ ಎಂಟು ದಿನ ಇದ್ದು ಬಂದಳು. ಬಂದವಳು ಮೊದಲು ಹೇಳಿದ್ದು ಮದುವೆಯ ಸುದ್ದಿಯಲ್ಲ. "ಎಂಟು ದಿನವೂ ಅಡ್ಡ ಮಲಗಿ ನಿದ್ದೆ ಮಾಡಿದೆ ಕಣೇ" ಎಂದಳು. ಗೋಡೆಗೆ ಒರಗಿ ಕೂತೇ ಬೆಳಗು ಮಾಡುವವರಿಗೆ ಅದೆಂಥ ಸುಖ ಎಂದು ನನಗೆ ಆಗ ಹೊಳೆಯಲಿಲ್ಲ. ತೀರ್ಥಹಳ್ಳಿಯ ಡಾಕ್ಟರೂ ಅದನ್ನೇ ಹೇಳಿದರು. ಮಾತ್ರೆಯಿಂದ ಆಗುವುದು ಅಷ್ಟಕ್ಕಷ್ಟೆ, ಒಣ ಹವೆಯ ಊರಿಗೆ ಕರೆದುಕೊಂಡು ಹೋಗಿ ಎಂದರು. ಭಾವ ವರ್ಗಾವಣೆಗೆ ಬರೆದರು. ಫೆಬ್ರವರಿಯಲ್ಲಿ ಉತ್ತರ ಬಂತು. ಎರಡು ಕಡೆ ಜಾಗ ಖಾಲಿ ಇದೆ, ಒಂದು ರಾಜಸ್ಥಾನದ ಮರುಭೂಮಿಯ ಅಂಚಿನ ಜೋಧಪುರ, ಇನ್ನೊಂದು ನಮ್ಮ ಕರಾವಳಿಯ ಹೊನ್ನಾವರ. ಯಾವುದು ಬೇಕೆಂದು ಹದಿನೈದು ದಿನದೊಳಗೆ ತಿಳಿಸಿ ಎಂದಿತ್ತು.

ಭಾವ ಆ ಕಾಗದವನ್ನು ಹಿಡಿದುಕೊಂಡು ಅಕ್ಕನೊಡನೆ ನಮ್ಮ ಮನೆಗೆ ಬಂದರು. ಅವರ ಮನಸ್ಸಿನಲ್ಲಿ ಇದ್ದದ್ದು ಜೋಧಪುರ. ಆದರೆ ತಂದೆತಾಯಿ ಇಲ್ಲದ ಮನುಷ್ಯ, ಮಾವನ ಮಾತು ಮೀರುವವರಲ್ಲ. ಮನೆಯಲ್ಲಿ ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು.

"ನಾಲ್ಕು ದಿನ ರೈಲಂತೆ! ಸತ್ರೆ ಕೆಟ್ರೆ ಮುಖ ನೋಡಕ್ಕೂ ಸಿಗಲ್ಲ" ಎಂದು ಅಮ್ಮ ಸೆರಗು ಕಣ್ಣಿಗೆ ಒತ್ತಿಕೊಂಡಳು.

"ಉಪ್ಪು ಗಾಳಿ ಕಫ ಕರಗಿಸ್ತದೆ. ಸಮುದ್ರದ ಬುಡದಲ್ಲಿರೋರಿಗೆ ಎಂಥ ದಮ್ಮು ಮಾರಾಯ್ತಿ?" ಎಂದಳು ಸಮುದ್ರವನ್ನೇ ಕಾಣದ ಅಜ್ಜಿ.

"ಬೆಳಿಗ್ಗೆ ಇಲ್ಲಿ ಹತ್ತಿ, ಸಾಗರದಲ್ಲಿ ಬಸ್ಸು ಬದಲಾಯಿಸಿದ್ರೆ ಸಂಜೆ ಕಾಫಿಗೆ ಮಗಳ ಮನೇಲಿರ್ತೀನಿ" ಎಂದರು ಅಪ್ಪಯ್ಯ.

ಭಾವ ಮೆಲ್ಲಗೆ, "ಮಾವ, ಇಲ್ಲಿ ಬೇಸಿಗೇಲಾದ್ರೂ ಗಾಳಿ ಒಣಗುತ್ತೆ. ಹೊನ್ನಾವರದಲ್ಲಿ ವರ್ಷಪೂರ್ತಿ ಮೈ ಬೆವರು ಆರೋದಿಲ್ಲ. ಇವಳಿಗೆ ಅದು ಒಳ್ಳೇದಲ್ಲ" ಎಂದರು.

"ಮರಳುಗಾಡಿನ ಬಿಸಿಲು ಒಳ್ಳೇದಾ ಹಾಗಾದ್ರೆ? ಕುಡಿಯೋ ನೀರಿಗೂ ಒಂಟೆ ಕಾಯ್ಬೇಕು" ಎಂದು ಅಪ್ಪಯ್ಯ ಎದ್ದು ಹೋದರು.

ಅಕ್ಕನನ್ನು ಯಾರೂ ಕೇಳಲಿಲ್ಲ. ಅವಳು ಎಲ್ಲರಿಗೂ ಕಾಫಿ ಕೊಟ್ಟು ಲೋಟ ತೊಳೆದಿಡುತ್ತಿದ್ದಳು. ಮೂರು ದಿನ ಹೀಗೇ ಕಳೆದ ಮೇಲೆ ಅಪ್ಪಯ್ಯ, "ನಮ್ಮ ನಮ್ಮಲ್ಲಿ ಜಗಳ ಬೇಡ. ಗಣಪತಿ ಹತ್ರ ಪ್ರಸಾದ ಕೇಳಿಬಿಡೋಣ. ಅವನು ಹೇಳಿದ ಹಾಗೆ" ಎಂದರು. ಭಾವ ತಲೆಯಾಡಿಸಿದರು.

ನಮ್ಮ ಕಡೆ ಮನಸ್ಸು ಎರಡಾದಾಗ ಹೀಗೆ ಮಾಡುವುದುಂಟು. ಬಿಳಿ ಹೂವೊಂದನ್ನು, ಕೆಂಪು ಹೂವೊಂದನ್ನು ಬೇರೆ ಬೇರೆ ಬಾಳೆ ಎಲೆಯ ಚೂರಿನಲ್ಲಿ ಕಟ್ಟಿ, ಅದಲುಬದಲು ಮಾಡಿ ದೇವರ ಮುಂದಿಟ್ಟು, ಏನೂ ಅರಿಯದ ಮಗುವಿನ ಕೈಯಲ್ಲಿ ಒಂದನ್ನು ಎತ್ತಿಸುವುದು. ಏನೂ ಅರಿಯದ ಮಗು ಎಂದರೆ ನಾನು.

ಗಣಪತಿ ಗುಡಿಗೆ ಬೆಳಿಗ್ಗೆ ಎಲ್ಲರೂ ಹೋದೆವು. ಬೇಲಿಯಿಂದ ಬಿಳಿಗೆ ನಂದಿಬಟ್ಟಲು, ಕೆಂಪಿಗೆ ಕೇಪಳದ ಹೂ ಕೊಯ್ದು ತಂದುಕೊಟ್ಟವಳು ನಾನೇ. ಬಿಳಿ ಬಂದರೆ ಹೊನ್ನಾವರ, ಕೆಂಪು ಬಂದರೆ ಜೋಧಪುರ ಎಂದು ಭಟ್ಟರು ಸಂಕಲ್ಪ ಮಾಡಿದರು. ನನ್ನನ್ನು ಹೊರಗೆ ಕಳಿಸಿ ಹೂ ಕಟ್ಟಿದರು. ಮತ್ತೆ ಕರೆದು, "ಕಣ್ಣು ಮುಚ್ಕಂಡು ಒಂದು ಎತ್ತು ಮಗಾ" ಎಂದರು.

ಕಣ್ಣು ಮುಚ್ಚಿಕೊಂಡು ಕೈ ಚಾಚಿದೆ. ಕೈಗೆ ಸಿಕ್ಕ ಪೊಟ್ಟಣದ ಮಡಿಕೆ ಅಂಟಂಟಾಗಿತ್ತು. ನಂದಿಬಟ್ಟಲನ್ನು ಕೊಯ್ದರೆ ತೊಟ್ಟಿನಿಂದ ಹಾಲು ಸುರಿಯುತ್ತದೆ, ಅದು ಬೆರಳಿಗೆ ಹತ್ತಿದರೆ ಬೇಗ ಹೋಗುವುದಿಲ್ಲ. ದಿನಾ ಹೂ ಕೊಯ್ಯುವವಳಿಗೆ ಅದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಇನ್ನೊಂದನ್ನು ಮುಟ್ಟಿದೆ. ಒಣಗಿತ್ತು. ಯಾವುದು ಯಾವುದೆಂದು ನನಗೆ ಗೊತ್ತಾಗಿಹೋಯಿತು.

ಅಲ್ಲಿಯೇ ಹೇಳಿಬಿಡಬಹುದಿತ್ತು. ಬೇರೆ ಹೂ ಕಟ್ಟುತ್ತಿದ್ದರು, ಅಷ್ಟೆ. ನಾನು ಹೇಳಲಿಲ್ಲ. ಅಕ್ಕ ದೂರ ಹೋಗಬಾರದೆಂಬ ಪ್ರೀತಿಯಿಂದ ಹಾಗೆ ಮಾಡಿದೆ ಎಂದರೆ ಅದು ಅರ್ಧ ಸುಳ್ಳು. ಹೊನ್ನಾವರವಾದರೆ ಬೇಸಿಗೆ ರಜೆಯಲ್ಲಿ ಸಮುದ್ರ ನೋಡಬಹುದು, ನಮ್ಮ ಕ್ಲಾಸಿನಲ್ಲಿ ಯಾರೂ ಸಮುದ್ರ ನೋಡಿರಲಿಲ್ಲ. ಉಳಿದರ್ಧ ಅದು. ಅಂಟಾಗಿದ್ದ ಪೊಟ್ಟಣವನ್ನೇ ಎತ್ತಿ ಭಟ್ಟರ ಕೈಗಿಟ್ಟೆ.

"ಬಿಳೀದು!" ಎಂದರು ಭಟ್ಟರು. ಅಮ್ಮ ಗಲ್ಲ ಬಡಿದುಕೊಂಡಳು. ಅಕ್ಕ ಕಂಬದ ಪಕ್ಕ ಕಣ್ಣು ಬಿಗಿಯಾಗಿ ಮುಚ್ಚಿ ಕೈ ಮುಗಿದು ನಿಂತಿದ್ದಳು. ಕಣ್ಣು ತೆರೆದು ಆ ಹೂವನ್ನು ಒಂದು ಗಳಿಗೆ ನೋಡಿದಳು, ಆಮೇಲೆ ತೀರ್ಥಕ್ಕೆ ಕೈ ಒಡ್ಡಿದಳು. ಭಾವ ಅಪ್ಪಯ್ಯನ ಟಿಕೆಟ್ ಗೂಡಿನಲ್ಲೇ ಕೂತು ಹೊನ್ನಾವರವೆಂದು ಉತ್ತರ ಬರೆದರು.

೧೯೬೫ರ ಮೇ ತಿಂಗಳಲ್ಲಿ ನಾನು ಹೊನ್ನಾವರಕ್ಕೆ ಹೋದೆ. ಮೊದಲ ಮೂರು ದಿನ ನನಗೆ ಸಮುದ್ರದ ಹುಚ್ಚು. ಅಕ್ಕನ ಮುಖವನ್ನು ಸರಿಯಾಗಿ ನೋಡಲೂ ಇಲ್ಲ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ನಾಲ್ಕನೆಯ ದಿನ ಅವಳ ತಲೆ ಬಾಚಲು ಕೂತಾಗ ಕತ್ತಿನ ಎಲುಬುಗಳು ಎದ್ದು ಕಂಡವು. ಆ ಮನೆಯಲ್ಲಿ ಉಪ್ಪಿನ ಭರಣಿ ತೆಗೆದರೆ ಉಪ್ಪು ನೀರಾಗಿರುತ್ತಿತ್ತು, ಒಗೆದ ಸೀರೆ ಎರಡು ದಿನವಾದರೂ ಹಸಿ ಹಸಿ. ಅಕ್ಕ ಕಿಟಕಿಯ ಹತ್ತಿರ ಮೂರು ದಿಂಬು ಒಟ್ಟಿಕೊಂಡು ಕೂತಿರುತ್ತಿದ್ದಳು. ಒಂದು ವಾಕ್ಯ ಹೇಳಲು ಎರಡು ಸಲ ನಿಲ್ಲುತ್ತಿದ್ದಳು. ಬಾಚಣಿಗೆ ಕೈಯಲ್ಲಿ ಹಾಗೇ ನಿಂತಿತು, ನನಗೆ ಅಳು ಬಂತು.

"ಎಂತಾ ಆಯ್ತೇ?"

"ಅಕ್ಕಾ, ಆ ದಿನ ಪ್ರಸಾದ ದೇವರು ಕೊಟ್ಟಿದ್ದಲ್ಲ. ನಂಗೆ ಗೊತ್ತಿತ್ತು. ಗೊತ್ತಿದ್ದೇ ಬಿಳೀದು ಎತ್ತಿದೆ." ಅಂಟಿನ ವಿಷಯ, ಸಮುದ್ರದ ಆಸೆ, ಎಲ್ಲವನ್ನೂ ಬಿಕ್ಕುತ್ತಾ ಹೇಳಿದೆ.

ಅವಳು ನನ್ನ ಕೈಯಿಂದ ಬಾಚಣಿಗೆ ತೆಗೆದು ಪಕ್ಕಕ್ಕಿಟ್ಟಳು. ಉಸಿರು ಸಿಳ್ಳು ಹಾಕುತ್ತಿತ್ತು. ಆಮೇಲೆ ನಿಧಾನವಾಗಿ, "ನಾನು ಅಲ್ಲಿ ನಿಂತ್ಕಂಡು ಕೆಂಪು ಕೊಡು, ಕೆಂಪು ಕೊಡು ಅಂತ ಬೇಡ್ಕಳ್ತಾ ಇದ್ದೆ ಕಣೇ" ಎಂದಳು. ಸ್ವಲ್ಪ ಸುಧಾರಿಸಿಕೊಂಡು, "ನಾನು ಎಂಥ ಪಾಪ ಮಾಡಿದ್ದೆ, ಅವನು ಯಾಕೆ ಬೇಡ ಅಂದ ಅಂತ ವರ್ಷದಿಂದ ಯೋಚ್ನೆ ಮಾಡ್ತಿದ್ದೀನಿ" ಎಂದಳು.

ನಾನು ಅವಳ ಮಡಿಲಲ್ಲಿ ಮುಖ ಮುಚ್ಚಿಕೊಂಡೆ. ಅವಳ ಕೈ ನನ್ನ ತಲೆಯ ಮೇಲೆ ಬಂತು.

"ಹಾಗಾದ್ರೆ ಅವನು ಬೇಡ ಅನ್ನಲಿಲ್ಲ" ಎಂದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಅಷ್ಟರಲ್ಲಿ ಕೆಮ್ಮು ಬಂತು. ಕೆನ್ನೆಗೆ ಎರಡು ಬಾರಿಸಿದ್ದರೆ ನನಗೆ ಹಗುರಾಗುತ್ತಿತ್ತು. ಕೆಮ್ಮು ನಿಂತ ಮೇಲೆ ಅವಳು ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡು, "ಅಪ್ಪಯ್ಯಂಗೆ ಮಾತ್ರ ಯಾವತ್ತೂ ಹೇಳ್ಬೇಡ. ಆಣೆ ಮಾಡು. ಎದೆ ಒಡ್ಕಳ್ತಾರೆ" ಎಂದಳು. ಆಣೆ ಮಾಡಿದೆ.

ದೇವರು ಹೇಳಿದ ಮಾತೆಂದು ಅದುವರೆಗೂ ಬಾಯಿ ಬಿಡದಿದ್ದವಳು ಆ ಸಂಜೆ ಭಾವನಿಗೆ ತಾನಾಗಿ ಹೇಳಿದಳು, "ಮತ್ತೊಮ್ಮೆ ಬರೀರಿ. ಆ ಒಣ ಊರಿಗೇ ಹೋಗೋಣ." ಯಾಕೆಂದು ಹೇಳಲಿಲ್ಲ. ಭಾವ ಮರುದಿನವೇ ಅರ್ಜಿ ಹಾಕಿದರು.

ಸೆಪ್ಟೆಂಬರಿನಲ್ಲಿ ಪಾಕಿಸ್ತಾನದೊಡನೆ ಯುದ್ಧವಾಯಿತು. ಅರ್ಜಿ ಎಲ್ಲಿ ಕೂತಿತೋ, ಉತ್ತರ ಬರಲಿಲ್ಲ. ಒಂದು ದಿನ ಅಪ್ಪಯ್ಯ ಪತ್ರಿಕೆ ಹಿಡಿದು ಓಡುತ್ತಾ ಮನೆಗೆ ಬಂದರು. "ಜೋಧಪುರದಲ್ಲಿ ಬಾಂಬು ಬಿದ್ದಿದ್ಯಂತೆ ಕಣೇ! ನೋಡಿದ್ಯಾ, ದೇವರಿಗೆ ಆಗಲೇ ಗೊತ್ತಿತ್ತು." ಅಂದೇ ಗುಡಿಗೆ ಹೋಗಿ ಹನ್ನೊಂದು ತೆಂಗಿನಕಾಯಿ ಒಡೆಸಿದರು. ನಾನೂ ಕಾಯಿಚೂರು ತಿಂದೆ. ನನ್ನ ಮೋಸದಿಂದ ಅಕ್ಕ ಉಳಿದಳು ಎನಿಸಿತು. ವರ್ಷದ ಮೇಲೆ ಮೊದಲ ಸಲ ಮನಸ್ಸು ಹಗುರವಾಗಿತ್ತು. ಅದು ಒಂದು ತಿಂಗಳ ಮಾತು, ಅಕ್ಕನ ಉಬ್ಬಸ ಇಳಿದಿಲ್ಲವೆಂದು ಭಾವನ ಕಾಗದ ಬರುವವರೆಗೆ.

೧೯೬೬ರ ಜುಲೈ. ಸಾಗರದ ಬಸ್ಸಿನ ಕಂಡಕ್ಟರು ದಿನಾ ಸ್ಟ್ಯಾಂಡಿಗೆ ಬರುವ ಮೊದಲೇ ಬಾಗಿಲಲ್ಲಿ ನೇತಾಡುತ್ತಾ, "ಏಜೆಂಟ್ರೇ, ಬಂದೇ!" ಎಂದು ಕೂಗುತ್ತಿದ್ದ. ಆ ದಿನ ಕೂಗಲಿಲ್ಲ. ಇಳಿದು ಬಂದು, ಹೊನ್ನಾವರದ ಬಸ್ಸಿನವರು ಸಾಗರದಲ್ಲಿ ಕೊಟ್ಟಿದ್ದ ಚೀಟಿಯನ್ನು ಅಪ್ಪಯ್ಯನ ಮುಂದಿಟ್ಟು ಟೋಪಿ ತೆಗೆದ. ಊಟದ ಡಬ್ಬಿ ತಂದಿದ್ದ ನಾನು ಅಲ್ಲೇ ನಿಂತಿದ್ದೆ. ಅಪ್ಪಯ್ಯ ಚೀಟಿ ಬಿಡಿಸಲಿಲ್ಲ. "ಹೇಳು ಮಾರಾಯ, ಎಷ್ಟೊತ್ತಿಗೆ?" ಎಂದು ಅವನನ್ನೇ ಕೇಳಿದರು.

ಸಂಜೆ ಕಾಫಿಗೆ ಮುಟ್ಟುವ ಊರು ಆ ಸಲ ಮುಟ್ಟಲಿಲ್ಲ. ಘಟ್ಟದಲ್ಲಿ ಗುಡ್ಡ ಜರಿದು ರಸ್ತೆ ಮುಚ್ಚಿತ್ತು. ಬಸ್ಸಿನಲ್ಲೇ ಒಂದು ದಿನ ಕಾದು, ಕೆಸರಿನಲ್ಲಿ ನಡೆದು ದಾಟಿ, ಆಚೆಯ ಬಸ್ಸು ಹಿಡಿದು ನಾವು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಭಾವ ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಅಮ್ಮನಿಗೆ ಮಗಳ ಮುಖ ನೋಡಲು ಸಿಗಲಿಲ್ಲ. ಅಕ್ಕನಿಗೆ ಇಪ್ಪತ್ತೈದು ವರ್ಷ.

ಮಾರನೆಯ ವರ್ಷ ಜೋಧಪುರದ ಆರ್ಡರು ಬಂತು. ಭಾವ ಒಬ್ಬರೇ ಹೋದರು. ಅಪ್ಪಯ್ಯ ಮತ್ತೆ ಆ ಗುಡಿಯ ಮೆಟ್ಟಿಲು ಹತ್ತಲಿಲ್ಲ. ಗುಡಿಯ ಮುಂದೆ ಹಾಯಬೇಕಾಗುತ್ತದೆಂದು ಸ್ಟ್ಯಾಂಡಿಗೆ ಹಿಂದಿನ ಓಣಿಯಲ್ಲಿ ಸುತ್ತು ಹಾಕಿಕೊಂಡು ಹೋಗುತ್ತಿದ್ದರು. ಮನೆಯಲ್ಲಿ ದೀಪ ಹಚ್ಚುವಾಗ ಎದ್ದು ಹೊರಗೆ ನಿಲ್ಲುತ್ತಿದ್ದರು. ಕೇಳಿದವರಿಗೆ, "ಅವನನ್ನ ಕೇಳೇ ಕಳಿಸಿದ್ದು. ಕೇಳೇ ಕಳಿಸಿದ್ದು" ಎಂದಷ್ಟೇ ಹೇಳುತ್ತಿದ್ದರು. ಆ ಮಾತು ಬಂದಾಗಲೆಲ್ಲ ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡು ಅಲ್ಲಿಂದ ಜಾರುತ್ತಿದ್ದೆ.

ಅನೇಕ ವರ್ಷಗಳ ಮೇಲೆ, ನಾನು ಸಾಗರದಲ್ಲಿ ಟೀಚರಾಗಿದ್ದಾಗ, ಅಪ್ಪಯ್ಯ ಕಡೆಗಾಲಕ್ಕೆ ನನ್ನ ಮನೆಯಲ್ಲಿದ್ದರು. ಒಂದು ಮಧ್ಯಾಹ್ನ ಗಂಜಿ ಕುಡಿಸುತ್ತಿದ್ದೆ. ಅವರು ಚಮಚ ಸರಿಸಿ, "ಪುಟ್ಟೀ, ಆ ಎಲೆ ಎತ್ತಿದ್ದು ನೀನೇ ಅಲ್ವಾ? ನಿಂಗೆ ಏನಾದ್ರೂ ಅನ್ಸಿತ್ತಾ ಆವಾಗ? ಅವನು ನಮಗ್ಯಾಕೆ ಹಾಗೆ ಮಾಡ್ದ?" ಎಂದು ಕೇಳಿದರು.

ಬಾಯಿ ತೆರೆದೆ. ಅಕ್ಕನ ತಲೆಯ ಮೇಲೆ ಇಟ್ಟ ಕೈ ನೆನಪಾಯಿತು.

"ಗೊತ್ತಿಲ್ಲ ಅಪ್ಪಯ್ಯ" ಎಂದೆ.

"ಅವಂಗೂ ನಂಗೂ ಇನ್ನು ಸರಿಹೋಗಲ್ಲ ಬಿಡು" ಎಂದು ಅವರು ಗೋಡೆಯ ಕಡೆ ತಿರುಗಿದರು. ಹದಿನೈದು ದಿನಕ್ಕೆ ತೀರಿಕೊಂಡರು. ಬಾಯಿಗೆ ಗಂಗೆ ಬಿಡುವಾಗ ದೇವರ ಹೆಸರು ಹೇಳಿ ಎಂದರೆ ತಲೆ ಅಲ್ಲಾಡಿಸಿ ಬೇಡವೆಂದರು.

ಈಗ ಕೇಳಿ ಬೇಸರಪಡುವವರು ಯಾರೂ ಉಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹತ್ತು ವರ್ಷದ ಹುಡುಗಿಯ ತಪ್ಪನ್ನು ನಾನು ಹೇಗೋ ಕ್ಷಮಿಸಿಕೊಂಡಿದ್ದೇನೆ. ದೊಡ್ಡವರೆಲ್ಲ ಸೇರಿ ಅಷ್ಟು ದೊಡ್ಡ ತೀರ್ಮಾನವನ್ನು ಅವಳ ಕೈಗೆ ಕೊಡಬಾರದಿತ್ತು. ಕ್ಷಮಿಸಲಾಗದ್ದು ಆ ಮಧ್ಯಾಹ್ನ ಗಂಜಿಯ ಬಟ್ಟಲು ಹಿಡಿದು ಕೂತಿದ್ದ ಹೆಂಗಸನ್ನು. ನಾನು ಸುಮ್ಮನಿದ್ದದ್ದು ಅಕ್ಕನಿಗೆ ಕೊಟ್ಟ ಮಾತಿಗೋ, ಅಪ್ಪಯ್ಯನ ಕಣ್ಣಿನಲ್ಲಿ ಚಿಕ್ಕವಳಾಗುವ ಹೆದರಿಕೆಗೋ, ನನಗೆ ಇವತ್ತಿಗೂ ಗೊತ್ತಿಲ್ಲ. ಹೇಳಿದ್ದರೆ ಅವರು ನನ್ನ ಮುಖ ನೋಡದೆ ಹೋಗುತ್ತಿದ್ದರೇನೋ. ಆದರೆ ಸಾಯುವಾಗ ಅವರಿಗೆ ದೇವರೊಬ್ಬನಾದರೂ ಇರುತ್ತಿದ್ದ.