ಸುಣ್ಣ ಹಾಕಿದ ಬಾವಿ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಸಿಂಧನೂರಿನಲ್ಲಿದ್ದುಕೊಂಡು ಬಾವಿ, ಬೋರುಗಳ ನೀರು ಪರೀಕ್ಷೆ ಮಾಡುತ್ತಿದ್ದೆ. ಈ ಹುಡುಗಿಗೆ ಸಿಟ್ಟು ಮೂಗಿನ ತುದಿಯಲ್ಲೇ ಎಂದು ಮನೆಯವರು ಆಡಿಕೊಳ್ಳುತ್ತಿದ್ದರು. ಆ ಕೆಲಸದಲ್ಲಿ ಅದು ಇಳಿಯಲು ಯಾರೂ ಬಿಡಲಿಲ್ಲ.

ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬೇಡ, ಅಲ್ಲಿಯವರು ಈಗಲೂ ನನ್ನ ಮೇಲೆ ಹಲ್ಲು ಮಸೆಯುತ್ತಾರೆ. ರಸ್ತೆಗೆಂದು ಮೊರಂ ಮಣ್ಣು ಅಗೆದು ಬಿಟ್ಟ ತಗ್ಗಿಗೆ ಪೇಟೆಯ ಕಸವೆಲ್ಲ ಬಂದು ಬೀಳುತ್ತಿತ್ತು. ಕೊಳೆತ ಬದನೆಕಾಯಿ, ಸತ್ತ ನಾಯಿ, ದವಾಖಾನೆಯ ಹತ್ತಿ, ಎಲ್ಲ ಅಲ್ಲಿಗೇ. ತಗ್ಗಿನ ಕೆಳಗೆ ಒಂದು ಓಣಿ, ಆ ಓಣಿಗೆ ಒಂದೇ ಸೇದುವ ಬಾವಿ. ಮಳೆಗಾಲ ಮುಗಿದ ಮೇಲೆ ಓಣಿಯ ಮಕ್ಕಳಿಗೆ ವಾಂತಿ ಭೇದಿ ತಪ್ಪುತ್ತಿರಲಿಲ್ಲ.

ನಾನು ಆ ಬಾವಿಯ ನೀರನ್ನು, ಅದರಾಚೆ ಹೊಲಗಳಲ್ಲಿದ್ದ ಎರಡು ಬಾವಿಗಳ ನೀರನ್ನು ತಂದು ಬಾಟಲಿಗಳಲ್ಲಿ ಮುಚ್ಚಿ ಒಂದೆರಡು ದಿನ ಇಟ್ಟೆ. ನೀರಿನಲ್ಲಿ ಯಾವ ಯಾವ ಕ್ರಿಮಿಗಳು ಕೂಡಿ ಸಂಸಾರ ಹೂಡಿವೆ ಎಂದು ನೋಡಿದರೆ ಕಸದ ರಸ ಎಲ್ಲಿಯವರೆಗೆ ಇಳಿದಿದೆ ಎಂದು ತಿಳಿಯುತ್ತದೆ. ಓಣಿಯ ಬಾವಿಯ ಬಾಟಲಿ ಮಸಿಯಂತೆ ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಹೊಡೆಯಿತು. ಗಾಳಿ ಇಲ್ಲದ ಕಡೆ ಬದುಕುವ ಕ್ರಿಮಿಗಳ ಕೆಲಸ ಅದು. ಎರಡನೇ ಬಾವಿಯ ನೀರಿನಲ್ಲಿ ಕಬ್ಬಿಣದ ಅಂಶ ತಿಂದು ಬೆಳೆಯುವ ಕ್ರಿಮಿಗಳ ಕೆಂಪು ಲೋಳೆ. ಮೂರನೆಯದು ತಕ್ಕಮಟ್ಟಿಗೆ ಚೊಕ್ಕ.

ಇದನ್ನು ನನ್ನ ಸಾಹೇಬರಿಗೆ ವಿವರಿಸಿದ್ದು ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ಉಪ್ಪೆಷ್ಟು, ಗಡಸೆಷ್ಟು ಎಂದು ಹೇಳುವುದು ಬಿಟ್ಟು ಹುಳದ ಕಥೆ ಯಾಕೆ ಎಂದರು. ಆದರೂ ನೀರು ಕೆಟ್ಟಿದ್ದು ನಿಜವಾದರೆ ಆ ಓಣಿಗೆ ಗುಡ್ಡದ ಕಡೆ ಹೊಸ ಬೋರು ಕೊರೆಸಬಹುದು, ಊರವರ ಎದುರಿಗೆ ಇನ್ನೊಮ್ಮೆ ನೀರು ತೆಗೆಯೋಣ ಎಂದು ದಿನ ಗೊತ್ತುಮಾಡಿ ಊರಿಗೆ ಹೇಳಿ ಕಳಿಸಿದರು. ಹೇಳಿ ಕಳಿಸಿದ್ದರಿಂದಲೇ ಕೆಲಸ ಕೆಟ್ಟಿತು.

ಆ ದಿನ ಹೋಗಿ ನೋಡಿದರೆ ಬಾವಿಯ ಕಟ್ಟೆಗೆ ಅರಿಶಿನ ಕುಂಕುಮ, ಒಳಗೋಡೆಗೆ ಹಸಿ ಸುಣ್ಣ. ನೀರಿಗೂ ಬುಟ್ಟಿಗಟ್ಟಲೆ ಸುಣ್ಣ ಸುರಿದಿದ್ದರು. ಹೆಣ್ಣು ನೋಡಲು ಬರುವವರಿಗಾಗಿ ಮನೆ ಸಾರಿಸಿ ಬಳಿಯುವ ಹಾಗೆ, ನೀರು ನೋಡಲು ಬರುವ ಸಾಹೇಬರಿಗಾಗಿ ಬಾವಿಯನ್ನು ಸಿಂಗರಿಸಿದ್ದರು. ಮಾಡಿಸಿದವಳು ಓಣಿಯ ಹಿರಿಯಳಾದ ಒಬ್ಬ ಮುದುಕಿ. ಸುಣ್ಣ ಬಿದ್ದ ನೀರಿನಲ್ಲಿ ಕ್ರಿಮಿ ಉಳಿಯುವುದಿಲ್ಲ, ಈ ನೀರು ಪರೀಕ್ಷೆಗೆ ಬೇಡ ಎಂದು ನಾನು ಕೂಗಾಡಿದೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಸಾಹೇಬರಂತೂ ಮುದುಕಿ ತನ್ನ ಮೊಮ್ಮಗಳ ಕೈಲಿ ಕೊಡಿಸಿದ ಚಹಾ ಕುಡಿಯುತ್ತ, ಊರೆಂದರೆ ಹೀಗಿರಬೇಕು ಎಂದರು.

ಆ ನೀರನ್ನೇ ತುಂಬಿಸಿ ತಂದೆವು. ಎರಡು ದಿನ ಕಳೆದರೂ ಬಾಟಲಿ ಕಪ್ಪಾಗಲಿಲ್ಲ. ಸಾಹೇಬರು ಅದನ್ನು ಬೆಳಕಿಗೆ ಹಿಡಿದು ನಕ್ಕರು.

"ಎಲ್ರೀ ನಿಮ್ಮ ಹುಳ? ರಜಾ ಹಾಕ್ಯಾವೇನು?"

ಆ ನಗು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ನಾನು ಜಗಳ ತೆಗೆದೆ. ಕೊನೆಗೆ, ಶನಿವಾರದೊಳಗೆ ಬೇರೆ ನೀರು ತಂದರೆ ನೋಡೋಣ, ಆಮೇಲೆ ಬೋರು ಕೊರೆಯುವ ಲಾರಿ ಬೇರೆ ಊರಿಗೆ ಹೋಗುತ್ತದೆ ಎಂದರು.

ಸುಣ್ಣದ ಕಾವು ಇಳಿಯಲೆಂದು ಕಾದು ಶುಕ್ರವಾರ ಹೋದೆ. ಬಾವಿಯ ವಾಸನೆ ಮರಳಿ ಬಂದಿತ್ತು. ಮುದುಕಿ ನೀರು ಸೇದುತ್ತ ನಿಂತಿದ್ದಳು. ನನ್ನ ಕೈಯಲ್ಲಿ ಬಾಟಲಿ ಕಂಡದ್ದೇ ಹಗ್ಗ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಹಗ್ಗ ಕೊಡು ಎಂದೆ. ಕೊಡಲಿಲ್ಲ. ಊರವರನ್ನು ಕರೆಯಲೇ ಎಂದು ಹೆದರಿಸಿದೆ. ಕರೆಯಿರಿ ಎಂದಳು. ಇಷ್ಟು ತಿಳಿಗೇಡಿತನವನ್ನು ನಾನು ಎಲ್ಲೂ ಕಂಡಿಲ್ಲ, ಹೊಲಸನ್ನು ಸುಣ್ಣ ಬಳಿದು ಕುಡಿಯುತ್ತೀರಿ ಎಂದು ಬಾಯಿಗೆ ಬಂದದ್ದು ಬೈದೆ.

"ನೀರು ಕೆಟ್ಟಾವ ಅನ್ನೂದು ನನಗ ಗೊತ್ತಿಲ್ಲೇನ್ರೀ ಬಾಯಾರ? ದಿನಾ ಕುಡಿಯಾಕಿ ನಾನು," ಎಂದಳು.

"ಮತ್ತ ಸುಣ್ಣ ಯಾಕ ಹಾಕಿಸಿದ್ರಿ? ನಿಮ್ಮ ಮೊಮ್ಮಗಳೂ ಇದನ್ನ ಕುಡೀತಾಳಲ್ಲ?"

"ಅಕಿ ತುರ್ವಿಹಾಳಕ್ಕ ಹೋಗಾಕಿ. ಐತವಾರ ಬೀಗರು ಮಾತು ಮುಗಿಸಾಕ ಬರ್ತಾರ. ಅಲ್ಲಿ ಕಾಲುವೆ ನೀರು ಅದಾವ. ಕೆಟ್ಟ ನೀರಿನ ಓಣಿ, ಬ್ಯಾನಿ ಓಣಿ ಅಂತ ಹೆಸರು ಬಿದ್ರ ಅಕಿನ್ನ ಯಾರು ಒಯ್ತಾರ? ನಿಮ್ಮ ಬೋರು ಬರ್ತೈತೋ ಇಲ್ಲೋ. ಅಕೀನರ ಇಲ್ಲಿಂದ ದಾಟಲಿ."

ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಒಬ್ಬ ಹುಡುಗಿಗಾಗಿ ಇಡೀ ಓಣಿಯ ಬೋರನ್ನು ಈಕೆ ಒದ್ದು ಬಿಟ್ಟಳಲ್ಲ. ಲಗ್ನ ಆದ ಮೇಲೆ ಬಂದರೆ ಎಷ್ಟು ಬೇಕಾದರೂ ನೀರು ತುಂಬಿಕೊಂಡು ಹೋಗಿ ಎಂದಳು. ಖಾಲಿ ಬಾಟಲಿ ಹಿಡಿದು ಮಸ್ಕಿ ಬಸ್ಸು ಹತ್ತಿದೆ. ಶನಿವಾರ ಕಳೆಯಿತು, ಲಾರಿ ಹೋಯಿತು.

ಲಗ್ನವಾದ ಮೇಲೆ ಹಟಕ್ಕೆ ಬಿದ್ದು ಮತ್ತೆ ಹೋದೆ. ಆಕೆ ಮಾತಿಗೆ ತಪ್ಪಲಿಲ್ಲ, ತಾನೇ ನೀರು ಸೇದಿ ನನ್ನ ಬಾಟಲಿ ತುಂಬಿಸಿದಳು. ಉಳಿದ ನೀರನ್ನು ಕೊಡಕ್ಕೆ ಸುರಿದು, ಕೊಡವನ್ನು ತಲೆಯ ಮೇಲಿಟ್ಟುಕೊಂಡು ಮನೆಗೆ ಹೋದಳು.